10 ಬೈ 8 ಕ್ವಾಲಿಯೊಳಗ ದೊಡ್ಡವ್ವನ ಬೀಸುಕಲ್ಲಿನ ಪದ ರೆಕಾರ್ಡ್ ಮಾಡಬೇಕು, ಸ್ಟುಡಿಯೋ ಹೆಂಗ ಮಾಡ್ಲಿ?

ವಡಗಾವಿ ಓಣಿ (ಬೆಳಗಾವಿ), ಭಾನುವಾರ ರಾತ್ರಿ 10:50

ಎಲ್ಲಾರಿಗೂ ನಮಸ್ಕಾರ್ರಿ. ವಡಗಾವಿಯೊಳಗ ನಮ್ಮದು ಎರಡ ಕ್ವಾಲಿ ಬಾಡಗಿ ಮನಿ. ಮುಂದಿನ ಕ್ವಾಲಿ 10 ಫೂಟ್ ಉದ್ದ, 8 ಫೂಟ್ ಅಗಲ, ಗ್ವಾಡಿ 9 ಫೂಟ್ ಎತ್ತರ. ಮ್ಯಾಲೆ ಪತ್ರಾಸ, ಕೆಳಗ ಶಾಬಾದಿ ಫರಸಿ. ಹಿಂದ ಅಡಿಗಿ ಮನಿ. ನಾಕ ಮಂದಿ ಅದೀವಿ. ರಾತ್ರಿ ಮೂರ ಗಾದಿ ಹಾಸಿದ್ವಿ ಅಂದ್ರ ಕಾಲ ಇಡಾಕ ಜಾಗಾ ಉಳಿಯೂದಿಲ್ಲ. ಎಡಗಡೆ ಗ್ವಾಡಿ ಬಾಜೂ ಮನಿಯವರ ಜೋಡಿ ಒಂದ, ಅದರ ಆ ಕಡೆ ಎರಡು ಕರೆಂಟ್ ಮಗ್ಗ. ಮುಂಜಾನೆ 6ಕ್ಕ ಚಾಲೂ ಆದ್ರ ರಾತ್ರಿ 9ರ ತನಕ ಖಟಾಖಟ್. ಅದು ಅವರ ಹೊಟ್ಟಿ ಪಾಡು, ನಿಲ್ಲಸ್ರಿ ಅನ್ನಾಕ ನಂಗ ಬಾಯಿ ಇಲ್ಲ.

ವಿಷಯ ಏನಂದ್ರ, ನಮ್ಮ ದೊಡ್ಡವ್ವಗ ಈಗ 74. ಸವದತ್ತಿ ಕಡೆಯಾಕಿ. ಬೀಸುಕಲ್ಲಿನ ಪದ ಆಕಿ ಬಾಯಾಗ ನಾ ಎಣಿಸಿದ್ದ 40ರ ಮ್ಯಾಲೆ ಅದಾವು. ಹ್ವಾದ ವರ್ಷ ಕೆಮ್ಮ ಹತ್ತಿ ಎರಡ ತಿಂಗಳ ದನಿನ ಹೊಂಡಲಿಲ್ಲ. ಆಗ ಎದಿ ಧಸಕ್ಕಂತು. ಈ ಪದ ಬ್ಯಾರೆ ಯಾರಿಗೂ ಬರೂದಿಲ್ರಿ, ನಮ್ಮವ್ವಗೂ ಪೂರಾ ಬರೂದಿಲ್ಲ.

ಫೋನಿನ್ಯಾಗ ಹಿಡಿಯಾಕ ನೋಡಿದೆ. ಸುಮ್ನ ಕುಂಡ್ರಿಸಿ ಹಾಡಬೇ ಅಂದ್ರ ಎರಡನೇ ಸಾಲಿಗೆ ಮರತ ಬಿಡತಾಳ. ಕಲ್ಲಿನ ಗೂಟಾ ಕೈಯಾಗ ಕೊಟ್ರ ಸಾಕ, ಒಂದರ ಹಿಂದ ಒಂದ ಹೊಂಡತಾವು. ಹಂಗಾಗಿ ಕಲ್ಲೂ ರೆಕಾರ್ಡ್ ಆಗಬೇಕು, ಪದಾನೂ ಆಗಬೇಕು. ಫೋನಿನ್ಯಾಗ ಬಂದದ್ದು ಕಲ್ಲಿನ ಗುರಗುರಿ, ಮಗ್ಗದ ಸಪ್ಪಳ, ಎಲ್ಲಾ ಬಾವಿಯೊಳಗಿಂದ ಬಂದಂಗ.

ನನ್ನ ಕಡೆ ಒಂದು ಹಳೇ ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್ ಐತಿ. 15,000 ರೂಪಾಯಿ ತನಕ ಖರ್ಚ ಮಾಡಬಹುದು. ಊರಾಗಿನ ಒಂದ ಅಂಗಡಿಯವರು ಬಂದ ನೋಡಿ, ಗ್ವಾಡಿ ತುಂಬ ಫೋಮ್ ಹಚ್ಚೂನು, ಮಗ್ಗದ ಸಪ್ಪಳ ಬರೂದಿಲ್ಲ, 28,000 ಅಂದ್ರು. ಖರೇನ ಬರೂದಿಲ್ಲೇನ್ರಿ? ತಿಳದವರು ಹೇಳ್ರಿ.

ಡೆಸಿಬೆಲ್ (ಬೆಳಗಾವಿ), ಭಾನುವಾರ ರಾತ್ರಿ 11:35

ದಯವಿಟ್ಟು ಆ 28,000 ಕೊಡಬೇಡಿ. ನಾನು ಈ ಕಡೆಯವನಲ್ಲ, ಬೆಳಗಾವಿಗೆ ಬಂದು ಆರು ವರ್ಷವಾಯಿತು. ಕಟ್ಟಡಗಳ ಶಬ್ದ ನಿಯಂತ್ರಣವೇ ನನ್ನ ಕೆಲಸ. ಸಂಗೀತದ ಕೋಣೆ ಮಾಡಲು ಹೋದವರು ಹೆಚ್ಚಾಗಿ ಎಡವುವುದು ಇಲ್ಲೇ.

ಸದ್ದನ್ನು ತಡೆಯುವುದು ಬೇರೆ, ಹೀರುವುದು ಬೇರೆ. ತಡೆಯಲು ತೂಕ ಬೇಕು. ಗೋಡೆಯ ತೂಕ ಎರಡು ಪಟ್ಟಾದರೆ ದಾಟಿ ಬರುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಅಷ್ಟೇ. ಫೋಮ್‌ಗೆ ತೂಕವೇ ಇಲ್ಲ. ಮೊಟ್ಟೆಯ ಟ್ರೇಗೂ ಇಲ್ಲ. ನಿಮ್ಮ ಮನೆಯ ಇನ್ನೊಂದು ಕಷ್ಟ ಎಂದರೆ ಮಗ್ಗದ ಹೊಡೆತ ಗಾಳಿಯಲ್ಲಿ ಬರುವುದಕ್ಕಿಂತ ಹೆಚ್ಚಾಗಿ ನೆಲದಲ್ಲಿ, ಗೋಡೆಯ ಬುಡದಲ್ಲಿ ನಡೆದು ಬರುತ್ತದೆ. ಫರಸಿಯ ಮೇಲೆ ಅಂಗೈ ಊರಿ ನೋಡಿ, ಗೊತ್ತಾಗುತ್ತದೆ. ಅದನ್ನು ತಡೆಯಬೇಕಾದರೆ ಕೋಣೆಯೊಳಗೆ ರಬ್ಬರಿನ ಮೇಲೆ ನಿಂತ ಇನ್ನೊಂದು ಕೋಣೆ ಕಟ್ಟಬೇಕು. ಬಾಡಿಗೆ ಮನೆಯಲ್ಲಿ, 8 ಅಡಿ ಅಗಲದಲ್ಲಿ, ಆಗದ ಮಾತು. ಇದ್ದ ಜಾಗವೂ ಹೋಗುತ್ತದೆ.

ಹೀರುವುದು ನಿಮ್ಮ ಕೈಯಲ್ಲಿದೆ. "ಬಾವಿಯೊಳಗಿಂದ ಬಂದಂಗ" ಎಂದಿರಲ್ಲ, ಅದು ಮಗ್ಗದ ತಪ್ಪಲ್ಲ, ಕೋಣೆಯದು. ಅದನ್ನು ಕಡಿಮೆ ಖರ್ಚಿನಲ್ಲಿ ಸರಿಮಾಡಬಹುದು. ಆದರೆ ಒಂದಿಂಚು ಫೋಮ್ ಇಲ್ಲೂ ಅರ್ಧ ಕೆಲಸವನ್ನೇ ಮಾಡುತ್ತದೆ. ಸಣ್ಣ, ಚೂಪು ಸದ್ದನ್ನಷ್ಟೇ ತಿಂದು ಕೆಳಗಿನ ಗುಂಯ್ ಎನ್ನುವುದನ್ನು ಬಿಟ್ಟುಬಿಡುತ್ತದೆ. ದನಿ ಮಂಕಾಗುತ್ತದೆ, ಬಾವಿ ಹಾಗೇ ಉಳಿಯುತ್ತದೆ. ದಪ್ಪ ಬೇಕು, ಗೋಡೆಯಿಂದ ನಾಲ್ಕು ಇಂಚಾದರೂ ದೂರ ಬೇಕು. ಇನ್ನೊಂದು ಮುಖ್ಯ ಮಾತು: ಒಲೆಯ ಪಕ್ಕದ ಕೋಣೆಗೆ ಅಗ್ಗದ ಫೋಮ್ ಬೇಡವೇ ಬೇಡ. ಬೆಂಕಿ ತಾಗಿದರೆ ನಿಮಿಷದಲ್ಲಿ ಕೋಣೆ ತುಂಬ ವಿಷದ ಹೊಗೆ.

ಗುಮ್ಮಟದ ನೆರಳು (ವಿಜಯಪುರ), ಸೋಮವಾರ ಮುಂಜಾನೆ 7:10

ಡೆಸಿಬೆಲ್ ಸರ್ ಹೇಳಿದ್ದ ಖರೆ. ನಾ ಜನಪದ ಹಾಡಿನ ಸಣ್ಣ ಸ್ಟುಡಿಯೋ ಇಟ್ಟೀನಿ, 12 ವರ್ಷ ಆತು. ನಮ್ಮ ಕಡೆ ಹಾಡವರು ಬಂದ ಕೇಳತಾರ, "ನನ್ನ ಕ್ವಾಲಿ ಸಣ್ಣದ್ರಿ, ಅದರಾಗ ಎಕೋ ಎಲ್ಲಿಂದ ಬರಬೇಕು?" ಅಂತ. ಅವರಿಗೆ ನಾ ಗೋಳಗುಮ್ಮಟ ತೋರಸ್ತೀನಿ. ಒಳಗಿನ ಅಗಲ ಸುಮಾರು 38 ಮೀಟರ್. ಸಪ್ಪಳ ಒಂದ ಸೆಕೆಂಡಿಗೆ ಸುಮಾರು 343 ಮೀಟರ್ ಓಡತೈತಿ. ಆ ಕಡೆ ಮುಟ್ಟಿ ಹೊಳ್ಳಿ ಬರಾಕ ಸೆಕೆಂಡಿನ ಐದನೇ ಒಂದ ಪಾಲಿಗಿಂತ ಹೆಚ್ಚ ಹೊತ್ತ ಬೇಕು. ಅದಕ್ಕ ಕಿವಿಗೆ ಬ್ಯಾರೆ ಬ್ಯಾರೆ ಕೇಳತೈತಿ, ಅದನ್ನ ಎಕೋ ಅಂತೀವಿ.

8 ಫೂಟಿನ ಕ್ವಾಲಿಯೊಳಗ ಗ್ವಾಡಿಗೆ ಬಡದ ಸಪ್ಪಳ 7 ಮಿಲಿಸೆಕೆಂಡಿನ್ಯಾಗ ತಿರಗಿ ಮೈಕಿಗೆ ಬರತೈತಿ. ಅಷ್ಟರಾಗ ಕಿವಿ ಬ್ಯಾರೆ ಮಾಡೂದಿಲ್ಲ. ಅದು ಮೂಲ ದನಿಯೊಳಗ ಕೂಡಿ ಒಂದಿಷ್ಟ ಸ್ವರ ಉಬ್ಬಸತೈತಿ, ಒಂದಿಷ್ಟ ಅಳಿಸತೈತಿ. ಎಕೋ ಕೇಳೂದಿಲ್ಲ ಖರೆ, ದನಿ ಹಾಳ ಆಗಿರತೈತಿ. ಮುಂದ ಯಾವ ಸಾಫ್ಟ್‌ವೇರ್‌ನ್ಯಾಗೂ ಅದನ್ನ ಪೂರಾ ತಗಿಯಾಕ ಬರೂದಿಲ್ಲ. ಅದಕ್ಕ ರೊಕ್ಕ ಮದಲ ಮೈಕಿಗೆ ಹಾಕಬ್ಯಾಡ್ರಿ, ಕ್ವಾಲಿ ನೋಡ್ರಿ.

ಮೈಕು: ಅಷ್ಟ ಸಪ್ಪಳ ಇದ್ದಲ್ಲಿ ಕಂಡೆನ್ಸರ್ (ಸಣ್ಣ ಸಪ್ಪಳಾನೂ ಹಿಡಿಯೂ ನಾಜೂಕ ಮೈಕ) ಬ್ಯಾಡ. ಡೈನಾಮಿಕ್ ತಗೋರಿ, ಶೂರ್ ಎಸ್‌ಎಂ 58 ಅಂಥಾದ್ದು. ಬಾಯಿಯಿಂದ ನಾಕ ಬೆರಳ ದೂರ. ಮೈಕಿನ ಬೆನ್ನ ಕಲ್ಲಿನ ಕಡೆ ಮಾಡ್ರಿ, ಹಿಂದಿನ ಸಪ್ಪಳ ಅದು ಭಾಳ ಕಮ್ಮಿ ತಗೋತೈತಿ. ಕಲ್ಲಿಗೆ ಬ್ಯಾರೆ ಮೈಕ ಇಡ್ರಿ. ಎರಡು ಚಾನೆಲ್ ಇಂಟರ್ಫೇಸ್ (ಎರಡು ಮೈಕಿನ ದನಿ ಲ್ಯಾಪ್‌ಟಾಪಿಗೆ ಕಳಸೂ ಡಬ್ಬಿ) ಸೆಕೆಂಡ್ ಹ್ಯಾಂಡ್ ಸಿಗತಾವು.

ವಡಗಾವಿ ಓಣಿ, ಸೋಮವಾರ ರಾತ್ರಿ 10:20

ಇಬ್ಬರಿಗೂ ಉಪಕಾರ್ರಿ. ಫರಸಿ ಮ್ಯಾಲೆ ಅಂಗೈ ಇಟ್ಟೆ. ಸರ್ ಹೇಳಿದಂಗ ಮಗ್ಗದ ಹೊಡ್ತ ಕೈಯಾಗ ಬಂತು. ಗಡಿಯಾರ ಹಿಡಕೊಂಡ ಎಣಿಸಿದೆ, ನಿಮಿಷಕ್ಕ 120ರ ಆಸುಪಾಸ. ಇಷ್ಟ ವರ್ಷ ಇದರ ಮ್ಯಾಲೇ ಮಲಗೀವಿ, ಗೊತ್ತಿದ್ದಿಲ್ಲ.

ಚಪ್ಪಾಳಿ ಹೊಡದೂ ನೋಡಿದೆ. ಎರಡ ಗ್ವಾಡಿ ನಡುವ ಜರ್ರ್ ಅಂತ ಹರದಂಗ ಸಪ್ಪಳ. ಯೂಟ್ಯೂಬ್‌ನ್ಯಾಗ ಯಾರೋ ಹೇಳಿದ್ರು ಅಂತ ಅರಿವಿ ತುಂಬಿದ ಟ್ರೆಜರಿ ಬಾಗಲಾ ತಗದು ಅದರ ಮುಂದ ದೊಡ್ಡವ್ವನ್ನ ಕುಂಡ್ರಿಸಿದೆ. ದನಿ ಚಲೋ ಬಂತು, ಆದ್ರ ಏರ ದನಿ ತಗದಾಗೊಮ್ಮೆ ಟಿಣ್ಣ ಅಂತ ಒಂದ ಎಳಿ. ಟ್ರೆಜರಿ ಬಾಗಲದ ತಗಡ ನಡಗತಿತ್ತು. ಅದಕ್ಕ ಒಂದ ಹಳೇ ಸೀರಿ ಬಿಗದ ಕಟ್ಟಿದ ಮ್ಯಾಲೆ ಹೋತು.

ಏಕತಾರಿ (ಬಾಗಲಕೋಟಿ, ನವನಗರ), ಮಂಗಳವಾರ ಮಧ್ಯಾಹ್ನ 1:05

ತಮ್ಮಾ, ಸಾಮಾನ ಎಲ್ಲಾ ನಿನ್ನ ಮನ್ಯಾಗ ಐತಿ. ಮೂರ ಗಾದಿ ಹಾಸ್ತೀವಿ ಅಂದಿ. ಹತ್ತಿ ಗಾದಿ ಹೌದಲ್ಲ? ಹಗಲಿ ಅವನ್ನ ಸುತ್ತಿ ಮೂಲಿಗೆ ಒಗೀತೀರಿ. ಸುತ್ತಬ್ಯಾಡ್ರಿ, ನಿಂದರಸ್ರಿ. ಎರಡು ದೊಡ್ಡವ್ವನ ಬೆನ್ನ ಹಿಂದ ಮೂಲಿಗೆ ಎಲ್ ಆಕಾರಕ್ಕ, ಒಂದು ಮಗ್ಗದ ಗ್ವಾಡಿ ಕಡೆ. ಹಿಂದ ಒಂದ ಕುರ್ಚಿ ಇಟ್ರ ಗ್ವಾಡಿಯಿಂದ ದೂರ ನಿಂದರತಾವು, ಮೊಳಿ ಹೊಡೆಯೂದ ಬ್ಯಾಡ.

ಇನ್ನ ಕೌದಿ. ನಮ್ಮ ಕಡೆ ಕೌದಿ ಇಲ್ಲದ ಮನಿ ಐತೇನು? ಹಳೇ ಸೀರಿ, ಧೋತರ, ಅಂಗಿ ಏಳೆಂಟ ಪದರ ಹಾಕಿ ಸಣ್ಣ ಹೊಲಿಗಿ ಹೊಲದಿರತಾರ. ಅದಕ್ಕ ತೂಕಾನೂ ಐತಿ, ಒಳಗ ಗಾಳಿನೂ ಐತಿ. ಎರಡು ಕೌದಿ ಪತ್ರಾಸಿನ ಕೆಳಗ, ಆಕಿ ತಲಿ ಮ್ಯಾಲೆ ಬರಂಗ ಹಗ್ಗಕ್ಕ ಕಟ್ಟು, ನಡುವ ಸ್ವಲ್ಪ ಜೋತ ಬಿದ್ರೂ ಅಡ್ಡಿ ಇಲ್ಲ. ಎಲ್ಲಾಕಿಂತ ಕೆಟ್ಟ ಸಪ್ಪಳ ಆ ತಗಡಿಂದ ಬರೂದು. ಕೆಳಗ ಫರಸಿಗೆ ಕುರಿ ಉಣ್ಣಿ ಕಂಬಳಿ. ನಾ ಏಕತಾರಿ ತತ್ವಪದ ಹಿಂಗ ರೆಕಾರ್ಡ್ ಮಾಡಿದ್ದು. ಸಂಜಿಕ ಬಿಚ್ಚಿ ಹಾಸಿದ್ರ ಆತು. ರಾತ್ರಿ ಹಾಸಗಿ, ಹಗಲಿ ಸ್ಟುಡಿಯೋ.

ಒಂದ ಮಾತಿಗೆ ವಿಜಯಪುರದ ಅಣ್ಣಾರ ಜೋಡಿ ನನ್ನ ಭಿನ್ನಾಭಿಪ್ರಾಯ ಐತಿ. ಎರಡು ಮೈಕ ಯಾಕ? ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬೈದಾಗ ಹಾಡೂ ಕಾಲಕ್ಕ ಒಂದ ಮೈಕಿನ ಸುತ್ತ ಎಲ್ಲಾರೂ ನಿಂತ ನುಡಸ್ತಿದ್ರು. ಯಾರ ಹತ್ರ ನಿಂದರಬೇಕು, ಯಾರ ದೂರ, ಅದರಾಗ ಹದ ಇರತಿತ್ತು. ಕಲ್ಲೂ ಪದಾನೂ ಬ್ಯಾರೆ ಅಲ್ಲ. ಒಂದ ಮೈಕ ಒಂದೂವರಿ ಫೂಟ್ ದೂರ ಇಡ್ರಿ, ಎದಿ ಮಟ್ಟದಾಗ.

ಗುಮ್ಮಟದ ನೆರಳು, ಮಂಗಳವಾರ ಮಧ್ಯಾಹ್ನ 2:40

ಗಾದಿ, ಕೌದಿ ಮಾತಿಗೆ ನೂರಕ್ಕ ನೂರ ಒಪ್ಪತೀನಿ. ಮೈಕಿನ ಮಾತಿಗೆ ಇಲ್ರಿ. ಆ ಸ್ಟುಡಿಯೋದಾಗ ಮಗ್ಗ ಇದ್ದಿಲ್ಲ. ಒಂದೂವರಿ ಫೂಟಿಗೆ ಮೈಕ ಹ್ವಾದ್ರ ಗೇನ್ (ಮೈಕಿನ ದನಿ ದೊಡ್ಡದ ಮಾಡೂದು) ಏರಸಬೇಕು, ಗೇನ್ ಜೋಡಿ ಮಗ್ಗಾನೂ ಬರತೈತಿ. ಎರಡು ಟ್ರ್ಯಾಕ್ ಇದ್ರ ಕಲ್ಲು ಎಷ್ಟ ಬೇಕು ಅಷ್ಟ ಇಡಬಹುದು, ದನಿ ಟ್ರ್ಯಾಕಿನ್ಯಾಗ 80 ಹರ್ಟ್ಸಿನ ಕೆಳಗಿಂದು ಕತ್ತರಿಸಬಹುದು.

ಡೆಸಿಬೆಲ್, ಮಂಗಳವಾರ ಸಂಜೆ 6:30

ಒಂದು ಲೆಕ್ಕ ಸೇರಿಸುತ್ತೇನೆ. ನಿಮ್ಮ ಕೋಣೆ ತಾನೇ ಗುನುಗುವ ಕೆಳಸ್ವರಗಳಿವೆ: 10 ಅಡಿಗೆ ಸುಮಾರು 56 ಹರ್ಟ್ಸ್, 9 ಅಡಿಗೆ 63, 8 ಅಡಿಗೆ 70. ಮೂರೂ ಅಕ್ಕಪಕ್ಕ ಬಿದ್ದಿವೆ. ಬೀಸುಕಲ್ಲಿನ ಗುರುಗುರು ಇದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಗಾದಿ ಇದನ್ನು ಹೀರಲಾರದು. ಆದರೆ ಕಲ್ಲನ್ನು ಕೋಣೆಯ ನಡುಮಧ್ಯ ಅಥವಾ ಮೂಲೆಯಲ್ಲಿ ಇಡದೆ, ಉದ್ದದ ಗೋಡೆಯಲ್ಲಿ ಮೂರನೇ ಒಂದು ಭಾಗದ ಹತ್ತಿರ ಇಟ್ಟು ನೋಡಿ. ಒಂದೊಂದು ಅಡಿ ಸರಿಸಿ ಹೆಡ್‌ಫೋನಲ್ಲಿ ಕೇಳಿ. ದುಡ್ಡಿಲ್ಲದೆ ಆಗುವ ದೊಡ್ಡ ಕೆಲಸ ಇದು.

ಕೃಷ್ಣಾ ದಂಡಿ (ಜಮಖಂಡಿ), ಮಂಗಳವಾರ ರಾತ್ರಿ 9:15

ನಾ ವೈರಿಂಗ್ ಕೆಲಸದಾಂವ. ಲ್ಯಾಪ್‌ಟಾಪ್ ಚಾರ್ಜರ್ ಹಚ್ಚಿದಾಗ ಹೆಡ್‌ಫೋನಿನ್ಯಾಗ ಗುಂಯ್ ಅಂತ ಬರತೈತೇನ್ರಿ? ಹಳೇ ಬಾಡಗಿ ಮನಿಯೊಳಗ ಅರ್ಥಿಂಗ್ ಬರೊಬ್ಬರಿ ಇರೂದಿಲ್ಲ. ಅದು 50 ಹರ್ಟ್ಸ್, ಅದರ ಜೋಡಿ 100. ಮಾಲಕರಿಗೆ ಹೇಳಿ ಅರ್ಥಿಂಗ್ ಹಾಕಸ್ರಿ. ಹಾಡಿನ ಸಲುವಾಗಿ ಅಲ್ಲ, ಜೀವದ ಸಲುವಾಗಿ. ಅಲ್ಲೀತನಕ ರೆಕಾರ್ಡ್ ಮಾಡೂ ಮುಂದ ಚಾರ್ಜರ್ ಕಿತ್ತು ಬ್ಯಾಟರಿ ಮ್ಯಾಲೆ ನಡಸ್ರಿ. ಯುಎಸ್‌ಬಿ ಇಂಟರ್ಫೇಸಿಗೆ ಲ್ಯಾಪ್‌ಟಾಪಿನ ಕರೆಂಟೇ ಸಾಕ, ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಸುದ್ದಾ ಅದರಾಗಿಂದ ಬರತೈತಿ.

ಇದನ್ನ ಬರ್ಯಾಕತ್ತಾಗ ಒಂದ ತಲಿಗೆ ಬಂತು. ನಿಮ್ಮ ಕೆಲಸಕ್ಕ ಕರೆಂಟ್ ಬ್ಯಾಡ. ಬಾಜೂ ಮಗ್ಗಕ್ಕ ಬೇಕು. ಲೈನ್ ದುರಸ್ತಿ ಇದ್ದ ದಿನ ಕರೆಂಟ್ ತಗೀತಾರಲ್ಲ, ಪೇಪರಿನ್ಯಾಗ ಹೆಸ್ಕಾಂನವರು ಮುಂಚಿತ ಹಾಕಿರತಾರ, ಆ ದಿನ ನೋಡ್ರಿ.

ವಡಗಾವಿ ಓಣಿ, ಮಂಗಳವಾರ ರಾತ್ರಿ 9:40

ಅಣ್ಣಾ, ಇದನ್ನ ಓದಿ ಎದ್ದ ನಿಂತೆ. ಕರೆಂಟ್ ಹೋದ್ರ ನಮ್ಮ ಓಣಿ ಹೆಂಗ ಆಗತೈತಿ ಗೊತ್ತೇನ್ರಿ? ಇಡೀ ಓಣಿ ಮಗ್ಗ ಒಮ್ಮಿಗೇ ನಿಂದರತಾವು. ಅಷ್ಟ ದೂರ ತಿಳಕವಾಡಿ ಗೇಟಿನ್ಯಾಗ ರೈಲ್ವೆ ಹಾರ್ನ್ ಹೊಡದದ್ದು ಕೇಳತೈತಿ.

ಹೊಸ ಜ್ವಾಳ (ಸಿಂದಗಿ), ಬುಧವಾರ ಮುಂಜಾನೆ 5:50

ನಾ ಗಂಡಸರ ಯಂತ್ರದ ಮಾತಿನ್ಯಾಗ ಬಾಯಿ ಹಾಕೂದಿಲ್ಲ, ಕಲ್ಲಿನ ಮಾತ ಹೇಳ್ತೀನಿ. ನಮ್ಮ ಮನ್ಯಾಗ ಇನ್ನೂ ಬ್ಯಾಳಿ ಒಡಿಯೂದು ಕಲ್ಲಿನ್ಯಾಗ. ಖಾಲಿ ಕಲ್ಲ ತಿರಗಸಬ್ಯಾಡ್ರಿ. ಕಲ್ಲಿಗೆ ಕಲ್ಲ ತಿಕ್ಕಿ ಕರ್ರ್ ಅಂತೈತಿ, ಹಲ್ಲೂ ಸವೀತಾವು. ಬಾಯಿಗೆ ಒಂದ ಹಿಡಿ ಜ್ವಾಳ ಹಾಕಿದ್ರ ಸಪ್ಪಳ ಮೆತ್ತಗ ಆಗತೈತಿ. ಪದಕ್ಕ ಬೇಕಾದ್ದು ಆ ಸಪ್ಪಳ. ಮುಕ್ಕ ಹಾಕಾಕ ಕೈ ತಗದಾಗ ಕಲ್ಲ ಒಂದ ಕ್ಷಣ ನಿಧಾನ ಆಗತೈತಿ, ಹಾಡಾಕಿ ಅಲ್ಲೇ ಉಸರ ತಗೋತಾಳ. ಜ್ವಾಳ ಇರಲಿಲ್ಲಂದ್ರ ಆಕಿಗೆ ಉಸರಿನ ಜಾಗಾ ಎಲ್ಲಿ?

ಕಲ್ಲಿನ ಕೆಳಗ ಗೋಣಿ ತಾಟ ನಾಕ ಮಡಿಕಿ ಮಾಡಿ ಹಾಕ್ರಿ. ಮತ್ತ ಹಾಡಾಕಿಗೆ ಕಿವಿಗೆ ಏನೂ ಹಚ್ಚಬ್ಯಾಡ್ರಿ. ಎದರಿಗೆ ಇನ್ನೊಬ್ಬಾಕಿ ಕುಂಡ್ರಲಿ. ಬೀಸೂದು ಒಬ್ಬಾಕಿ ಕೆಲಸ ಅಲ್ಲ, ಒಬ್ಬಾಕಿ ಎತ್ತಕೊಟ್ರ ಇನ್ನೊಬ್ಬಾಕಿ ಹಿಡಿಯೂದು.

ಏಕತಾರಿ, ಬುಧವಾರ ಮುಂಜಾನೆ 8:00

ತಂಗಿ ಹೇಳಿದ್ದು ಲಾಖ್ ರೂಪಾಯಿ ಮಾತು. ಇವೆಲ್ಲಾ ತ್ರಿಪದಿ. ಬರದ್ರ ಮೂರ ಸಾಲ, ಹಾಡಿದ್ರ ನಾಕ. ಎರಡನೇ ಸಾಲಿನ ತುಂಡ ಹೊಳ್ಳಿ ಹಾಡತಾರ. ಎದರಿನಾಕಿ ಬಂದು ಕೂಡೂದು ಅಲ್ಲೇ. ನಿಮ್ಮವ್ವನ್ನ ಎದರಿಗೆ ಕುಂಡ್ರಸು.

ವಡಗಾವಿ ಓಣಿ, ಐದು ವಾರದ ಮ್ಯಾಲೆ, ಗುರುವಾರ ರಾತ್ರಿ 11:30

ತಡಾ ಆತು, ಕ್ಷಮಿಸ್ರಿ. ಆದದ್ದೆಲ್ಲಾ ಹೇಳ್ತೀನಿ.

ಇಂಟರ್ಫೇಸ್ ಸೆಕೆಂಡ್ ಹ್ಯಾಂಡ್ ಎರಡು ಚಾನೆಲ್ಲಿಂದು 6,500ಕ್ಕ ಸಿಕ್ತು. ಎಸ್‌ಎಂ 58 ಓಣಿ ಭಜನಿ ಮಂಡಳದವರು ಎರಡು ಕೊಟ್ರು, ರೊಕ್ಕ ತಗೊಳ್ಳಿಲ್ಲ. ಸಾಫ್ಟ್‌ವೇರ್ ರೀಪರ್, 60 ದಿನ ಪುಕ್ಕಟ ನೋಡಬಹುದು, ಆಮ್ಯಾಲೆ ಲೈಸೆನ್ಸ್ ತಗೋತೀನಿ. ಸ್ಟ್ಯಾಂಡು, ಕೇಬಲ್ 2,300. ಗಾದಿ, ಕೌದಿ, ಕಂಬಳಿ ಮನ್ಯಾಗಿನವೇ.

ಮದಲ ನಸಿಕಿನ್ಯಾಗ ನೋಡಿದ್ವಿ, 4:30ಕ್ಕ ಎಲ್ಲಾರೂ ಎದ್ದು. ಹುಡುಗರನ್ನ ಅಡಿಗಿ ಮನಿಗೆ ಕಳಿಸಿದ್ರೂ ಅರ್ಧಾ ನಿದ್ದಿಗಣ್ಣಾಗ ಅಳತಿದ್ದು. ನಾಯಿ, ಹಾಲಿನ ಗಾಡಿ. ಎರಡ ದಿನಕ್ಕ ಬಿಟ್ಟ ಬಿಟ್ವಿ.

ಆಮ್ಯಾಲೆ ಪೇಪರಿನ್ಯಾಗ ಬಂತು, ಮುಂಜಾನೆ 10ರಿಂದ ಸಂಜಿ 4ರ ತನಕ ಕರೆಂಟ್ ಇಲ್ಲ ಅಂತ. 9:30ಕ್ಕ ಗಾದಿ ನಿಂದರಸಿ, ಕೌದಿ ಕಟ್ಟಿ ಕುಂತ್ವಿ. 10:12ಕ್ಕ ಮಗ್ಗ ನಿಂತು. ಮತ್ತ ಚಪ್ಪಾಳಿ ಹೊಡದೆ: ಜರ್ರ್ ಇಲ್ಲ, ಬರೇ ಚಪ್ಪಾಳಿ. ನನ್ನ ಮನ್ಯಾಗ ಅಂಥಾ ಸಪ್ಪಳ ನಾ ಎಂದೂ ಕೇಳಿದ್ದಿಲ್ರಿ.

ವಿಜಯಪುರದ ಅಣ್ಣಾರ ಪ್ರಕಾರ ಎರಡು ಮೈಕ ಇಟ್ಟ ಮಾಡಿದೆ. ಕೇಳಿದಾಗ ದನಿ ಒಮ್ಮಿ ಮೈಮ್ಯಾಲೆ ಬಂದಂಗ, ಒಮ್ಮಿ ಓಡಿ ಹ್ವಾದಂಗ. ತಿಳೀಲಿಲ್ಲ. ಮತ್ತೊಮ್ಮೆ ಹಾಡೂ ಮುಂದ ಮೈಕ ಬಿಟ್ಟು ಆಕಿ ಮಾರಿ ನೋಡಕೋತ ಕುಂತೆ. ಕಲ್ಲ ತಿರಗಿದಂಗ ಆಕಿ ಮೈನೂ ತೂಗತೈತಿ. ಗೂಟಾ ದೂರ ಹ್ವಾದಾಗ ಮುಂದ ಬಾಗತಾಳ, ಹತ್ರ ಬಂದಾಗ ಹಿಂದ ಸರೀತಾಳ. ಸುತ್ತಿಗೊಮ್ಮೆ ಒಂದ ಗೇಣ ಹಿಂದ ಮುಂದ. ಮೈಕ ನಾಕ ಬೆರಳಿನ್ಯಾಗ ಇದ್ರ ಆ ಗೇಣ ಭಾಳ ದೊಡ್ಡದ ಆಗತೈತಿ. ತೂಗಬ್ಯಾಡ ಅಂತ ಹೇಳಿದೆ, ಪದಾನ ನಿಂತ ಬಿಟ್ಟು.

ಅದಕ್ಕ ಏಕತಾರಿ ಕಾಕಾರ ಮಾತಿನಂಗ ಒಂದ ಮೈಕ ಒಂದೂವರಿ ಫೂಟಿಗೆ ಸರಿಸಿದೆ. 58ಕ್ಕ ಅಷ್ಟ ದೂರದ ದನಿ ಸಾಲಲಿಲ್ಲ, ಗೇನ್ ಪೂರಾ ಏರಿಸಿದ್ರ ಶ್ಶ್ ಅಂತ ಸಪ್ಪಳ. ಲ್ಯಾಪ್‌ಟಾಪಿನ ಬ್ಯಾಟರಿ 50 ನಿಮಿಷದಾಗ ಮುಗೀತು. ಆ ದಿನ ಬಂದದ್ದು ಎರಡ ಪದ.

ಮುಂದಿನ ಸಲ, ಇವತ್ತ, ಗೆಳ್ಯಾನ ಕಡೆಯಿಂದ ಒಂದ ಕಂಡೆನ್ಸರ್ ಮೈಕ, ಇನ್ನೊಬ್ಬನ ಹೊಸಾ ಲ್ಯಾಪ್‌ಟಾಪ್ ತಂದಿದ್ದೆ. ಮಗ್ಗ ಇಲ್ಲಾ, ಅಂದಮ್ಯಾಲೆ ಕಂಡೆನ್ಸರಿಗೆ ಅಂಜಿಕಿ ಏನ? ಅವ್ವ ಎದರಿಗೆ ಕುಂತಳು. ಕಲ್ಲಿನ ಕೆಳಗ ಗೋಣಿ ತಾಟು, ಬಾಯಿಗೆ ಜ್ವಾಳ. ಡೆಸಿಬೆಲ್ ಸರ್ ಹೇಳಿದ ಜಾಗದಾಗ ಕಲ್ಲಿಟ್ರ ಗುರಗುರಿ ಖರೇನ ತಿಳಿ ಆತು. 11 ಪದ ಬಂದಾವು. ಅದರಾಗ ಮೂರು ನಾನೂ ಎಂದೂ ಕೇಳಿದ್ದಿಲ್ಲ. ಅವ್ವ ಎರಡನೇ ಸಾಲ ಹೊಳ್ಳಿ ಎತ್ತಿದ ಕೂಡಲೇ ದೊಡ್ಡವ್ವಗ ಹಳೇವು ನೆನಪಾಗಾಕ ಹತ್ತಿದ್ದು. ಒಳಗ ಗಾಳಿ ಇಲ್ಲ, ಫ್ಯಾನ್ ಇಲ್ಲ, ನಡಬರಕ ಬಾಗಲಾ ತಗದು ನೀರ ಕುಡಿಸಿ ಮತ್ತ ಶುರು ಮಾಡಿದ್ವಿ. ಒಂಬತ್ತನೇ ಪದದಾಗ ಆಕಿ ಹಿಟ್ಟ ಬಳಿದದ್ದು ಸುದ್ದಾ ಕೇಳತೈತಿ. ಕತ್ತರಿಸೂದಿಲ್ಲ.

ಗುಮ್ಮಟದ ನೆರಳು, ಗುರುವಾರ ರಾತ್ರಿ 11:55

ಮೈ ತೂಗೂದು ನನ್ನ ತಲಿಗೆ ಹೊಳೀಲೇ ಇಲ್ಲ ತಮ್ಮಾ. ನಾ ನಿಂತ ಹಾಡವರನ್ನಷ್ಟ ನೋಡಿದಾಂವ. ಏಕತಾರಿಯವರ ಮಾತ ಇಲ್ಲಿ ಸರಿ ಐತಿ.

ಡೆಸಿಬೆಲ್, ಶುಕ್ರವಾರ ಬೆಳಿಗ್ಗೆ 7:20

ನಿಮ್ಮ ಗೇಣಿನ ಲೆಕ್ಕ ಮಾಡಿದೆ. ಬಾಯಿ 4 ಇಂಚಿನಿಂದ 12 ಇಂಚಿಗೆ ಸರಿದರೆ ಸುಮಾರು 9.5 ಡೆಸಿಬೆಲ್ ವ್ಯತ್ಯಾಸ. 14ರಿಂದ 22ಕ್ಕೆ ಸರಿದರೆ 4 ಮಾತ್ರ. ಆ 4 ಇರಲಿ, ಅದು ಅವರ ಮೈಯ ಲಯ.

ಫೈಲುಗಳನ್ನು 24 ಬಿಟ್ ವೇವ್‌ನಲ್ಲೇ (ದನಿಯನ್ನು ಕುಗ್ಗಿಸದ ಫೈಲು) ಇಡಿ, ಎಂಪಿ3 ಮಾತ್ರ ಉಳಿಸಿಕೊಳ್ಳಬೇಡಿ. ಎರಡು ಬೇರೆ ಬೇರೆ ಡ್ರೈವ್, ಒಂದು ಬೇರೆ ಮನೆಯಲ್ಲಿ. ಪ್ರತಿ ಪದದ ಮೊದಲು ಅವರ ಬಾಯಲ್ಲೇ ಊರು, ಯಾರಿಂದ ಕಲಿತರು, ಯಾವ ಕೆಲಸದ ಹೊತ್ತಿನ ಪದ ಎಂದು ಹೇಳಿಸಿ. ಮತ್ತೆ ಮಳೆಗಾಲ ಶುರುವಾಗುತ್ತದೆ. ಬೆಳಗಾವಿಯ ತೇವಕ್ಕೆ ಕಂಡೆನ್ಸರ್ ಮೈಕಿಗೆ ಬೂಸು ಬರುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಪತ್ರಾಸಿನ ಮೇಲೆ ಮಳೆ ಬಿದ್ದರೆ ರೆಕಾರ್ಡಿಂಗ್ ಮಾತೇ ಇಲ್ಲ. ಆದಷ್ಟು ಜೂನ್ ಬರುವ ಮೊದಲೇ ಮುಗಿಸಿ.

ಘಟಪ್ರಭಾ (ಗೋಕಾಕ), ಶುಕ್ರವಾರ ಮಧ್ಯಾಹ್ನ 12:30

ಇಷ್ಟ ದಿನ ಸುಮ್ನ ಓದಿಕೋತ ಬಂದೆ. ನಮ್ಮ ಅತ್ತಿಗೂ ಬೀಸುಕಲ್ಲಿನ ಪದ ಬರತಾವು, 68 ವಯಸ್ಸು. ನಮ್ಮ ಮನ್ಯಾಗ ಕಲ್ಲ ಇಲ್ಲ, ಹತ್ತ ವರ್ಷದ ಹಿಂದ ಕೊಟ್ಟ ಬಿಟ್ವಿ. ನಿಮ್ಮ ಕಡೆ ಕರ್ಕೊಂಡ ಬಂದ್ರ ನಡೀತೈತೇನ್ರಿ? ದೊಡ್ಡವ್ವಾರ ಎದರಿಗೆ ಕುಂಡ್ರತಾರ.

ವಡಗಾವಿ ಓಣಿ, ಶುಕ್ರವಾರ ಮಧ್ಯಾಹ್ನ 12:45

ಕೇಳೂದೇನ್ರಿ, ಬರ್ರಿ. ದೊಡ್ಡವ್ವಗ ಹೇಳಿದೆ, ಗೋಕಾಕ ಕಡೆ ಪದ ಬ್ಯಾರೆ ಇರತಾವು, ಲಗೂನ ಕರಿ ಅಂದ್ಲು. ಕರೆಂಟ್ ತಗಿಯೂ ದಿನ ಗೊತ್ತಾದ ಕೂಡಲೇ ತಿಳಸ್ತೀನಿ. ಮುಂಜಾನೆ 9ರ ಒಳಗ ಮುಟ್ರಿ. ಕಲ್ಲ ಇಲ್ಲೇ ಐತಿ, ಜ್ವಾಳ ಒಂದಿಷ್ಟ ತರ್ರಿ.